ಚಂದಾ ಬೇಡ, ಮನೆಗೊಂದು ಕೆ.ಜಿ. ಮೆಣಸು ಕೊಡಿ: ನನ್ನ ಅನುಭವ

ಸಕಲೇಶಪುರ ತಾಲ್ಲೂಕಿನಲ್ಲಿ ನಾನು ಎಸ್ಟೇಟ್ ರೈಟರ್. ಮಸ್ಟರ್ ಅಂದರೆ ಆಳುಗಳ ಹಾಜರಿ ಬರೆಯುವುದು, ವಾರದ ಬಟವಾಡೆ ಮಾಡುವುದು, ಗೋಡೌನ್ ಲೆಕ್ಕ ಇಡುವುದು ನನ್ನ ಕೆಲಸ. ಅದರ ಜೊತೆಗೆ ಆಸ್ಪತ್ರೆ ಸೇರಿದ ಮಕ್ಕಳ ಮನೆಯವರಿಗಾಗಿ ನಾವು ಏಳೆಂಟು ಜನ ಸೇರಿ ಒಂದು ಸಣ್ಣ ನಿಧಿ ನಡೆಸುತ್ತಿದ್ದೇವೆ. 2019ರ ಕುಯ್ಲಿನಿಂದ ಈಚೆಗೆ ರಸೀದಿ ಪುಸ್ತಕ ಮುಟ್ಟಿಲ್ಲ. ಮನೆಗೆ ಒಂದು ಕೆ.ಜಿ. ಕಾಳುಮೆಣಸು ಕೇಳುತ್ತೇವೆ, ಅಷ್ಟೆ. ಶುರು ಮಾಡಿದಾಗ ನಕ್ಕವರು ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆಯುತ್ತಿದ್ದೇನೆ.

ಮೆಣಸಿಗೆ ಮೊದಲು ಏನೇನು ಮಾಡಿದೆವು ಎಂಬುದನ್ನು ಹೇಳಿಬಿಡುತ್ತೇನೆ. ಎಲ್ಲರೂ ಅಲ್ಲಿಂದಲೇ ಶುರು ಮಾಡುವುದು.

ಮೊದಲನೆಯದು ವಾಟ್ಸಾಪ್. ಒಬ್ಬ ಹುಡುಗನಿಗೆ ರಕ್ತದ ಕ್ಯಾನ್ಸರ್. ಫೋಟೊ ಹಾಕಿ, ಅವನಪ್ಪನ ಖಾತೆ ನಂಬರ್ ಕೊಟ್ಟು ಹರಿಬಿಟ್ಟೆವು. ವಾರದೊಳಗೆ ಎಪ್ಪತ್ತು ಸಾವಿರದ ಹತ್ತಿರ ಬಂತು. ಆಮೇಲೆ ನಿಂತೇಹೋಯಿತು. ಇನ್ನೊಂದು ಮಗುವಿಗೆ ಹಾಗೇ ಮಾಡಿದಾಗ ಅದರ ಕಾಲು ಭಾಗವೂ ಬರಲಿಲ್ಲ. ಅಷ್ಟರಲ್ಲಿ ಮೊದಲ ಹುಡುಗನ ಫೋಟೊ ಯಾರದೋ ಬೇರೆ ಖಾತೆ ನಂಬರ್ ಅಂಟಿಸಿಕೊಂಡು ಊರೂರು ತಿರುಗುತ್ತಿತ್ತು. ಹುಡುಗ ಹುಷಾರಾಗಿ ಶಾಲೆಗೆ ಹೋಗತೊಡಗಿದ ಮೇಲೂ ಅವನಪ್ಪನಿಗೆ "ಮಗು ಹೇಗಿದೆ?" ಅಂತ ಗೊತ್ತಿಲ್ಲದವರ ಫೋನು ಬರುತ್ತಲೇ ಇತ್ತು. ಅವತ್ತಿನಿಂದ ಮಗುವಿನ ಫೋಟೊ ಹಾಕುವುದಿಲ್ಲ, ಹೆಸರೂ ಹೇಳುವುದಿಲ್ಲ. "ಫೋಟೊ ಇಲ್ದೆ ಯಾರ್ ಕೊಡ್ತಾರೆ ರೈಟ್ರೇ? ಜನ ಮಗೂಗೆ ಕೊಡ್ತಾರೆ, ನಿಧಿಗೆ ಕೊಡಲ್ಲ" ಅಂದವರು ನಮ್ಮ ಗುಂಪಿನಲ್ಲೇ ಇದ್ದರು.

ಎರಡನೆಯದು ರಸಮಂಜರಿ. ನೆನಪಿದ್ದಂತೆ ಒಂದು ಲಕ್ಷದ ನಲವತ್ತು ಸಾವಿರ ಕೂಡಿತ್ತು. ಶಾಮಿಯಾನ, ಸೌಂಡು, ಜನರೇಟರ್, ಗಾಯಕರ ಸಂಭಾವನೆ, ಊಟ ಅಂತ ಖರ್ಚಾಯಿತು. ಅದಕ್ಕೂ ಮೇಲೆ ವೇದಿಕೆಯ ಮೇಲೆ ಕೂತವರಿಗೆಲ್ಲ ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆ. ಪೇಟಗಳಿಗೇ ಆರು ಸಾವಿರದ ಮೇಲೆ ಹೋಯಿತು. ಕೊನೆಗೆ ಉಳಿದದ್ದು ಇಪ್ಪತ್ತೆಂಟು ಸಾವಿರ. ಅಂಗಡಿಗಳಲ್ಲಿ ಹುಂಡಿ ಡಬ್ಬಿ ಇಟ್ಟಾಗ ಬಂದದ್ದು ಚಿಲ್ಲರೆ, ಹರಿದ ಹತ್ತರ ನೋಟು, ಮತ್ತೆ ಯಾರೋ ಪುಣ್ಯಾತ್ಮರು ಹಾಕಿದ ಕಬ್ಬಿಣದ ವಾಷರ್. ಒಂದು ಡಬ್ಬಿಯನ್ನಂತೂ ಕದ್ದೇ ಬಿಟ್ಟರು.

ಮೆಣಸು ಹೊಳೆದದ್ದು ಹೇಗೆ ಎಂದರೆ, ನಮ್ಮ ಕಡೆ ದೇವರ ಹಬ್ಬಕ್ಕೆ ಭತ್ತ, ತೆಂಗಿನಕಾಯಿ ಎತ್ತುವುದು ಹೊಸದೇನಲ್ಲ. ದುಡ್ಡು ಕೊಡಲು ಹಿಂದೆಮುಂದೆ ನೋಡುವವರು ಕಾಯಿ ಕೊಡಲು ಯೋಚಿಸುವುದಿಲ್ಲ. ಬೆಳೆಗಾರನ ಕೈಗೆ ಬರುವ ದುಡ್ಡಿಗೆ ಬರುವ ಮೊದಲೇ ಯಜಮಾನರಿರುತ್ತಾರೆ: ಸೊಸೈಟಿ ಸಾಲ, ಗೊಬ್ಬರದಂಗಡಿ, ಆಳಿನ ಅಡ್ವಾನ್ಸ್, ಮಗಳ ಕಾಲೇಜು. ಕಣದಲ್ಲಿ ಹರಡಿದ ಮೆಣಸಿನ ಮೇಲೆ ಇನ್ನೂ ಯಾರ ಹೆಸರೂ ಬಿದ್ದಿರುವುದಿಲ್ಲ. ಆರುನೂರು ರೂಪಾಯಿ ಕೊಡಿ ಎಂದರೆ ಮುಖ ಸಪ್ಪಗಾಗುತ್ತದೆ. ಒಂದು ಕೆ.ಜಿ. ಮೆಣಸು ಎಂದರೆ "ಅದಕ್ಕೇನ್ ಬಿಡಿ" ಅಂತ ಒಳಗೆ ಹೋಗುತ್ತಾರೆ.

ಕಾಫಿ ಯಾಕಲ್ಲ ಅಂತ ಕೇಳಬಹುದು. ರೊಬಸ್ಟಾ ಚೆರ್ರಿಯನ್ನೂ ಒಂದು ವರ್ಷ ಎತ್ತಿ ನೋಡಿದೆವು. ಸಾಗಿಸುವುದೇ ತಲೆನೋವು. ಐವತ್ತು ಕೆ.ಜಿ. ಮೂಟೆ ತುಂಬಲು ಇಡೀ ಊರು ಸುತ್ತಬೇಕು. ಆಮೇಲೆ ಔಟ್‌ಟರ್ನ್ (ಓಟಿ), ಅಂದರೆ ಚೆರ್ರಿಯಿಂದ ಎಷ್ಟು ಬೀಜ ಇಳಿಯುತ್ತದೆ ಎಂಬ ಲೆಕ್ಕ. ಹತ್ತು ಮನೆಯ ಚೆರ್ರಿ ಕಲೆಸಿದ ಮೂಟೆಗೆ ವ್ಯಾಪಾರಿ ಕಡಿಮೆ ಓಟಿ ಹೇಳಿದರೆ ಜಗಳ ಮಾಡಲು ನಮ್ಮ ಹತ್ತಿರ ಏನಿದೆ? ಮೆಣಸಾದರೆ ಕೈಚೀಲದಲ್ಲಿ ಹಿಡಿಯುತ್ತದೆ, ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ, ರೇಟು ಬಿದ್ದಾಗ ಇಟ್ಟುಕೊಳ್ಳಬಹುದು. ನಾವು ಶುರು ಮಾಡಿದ ಕಾಲಕ್ಕೆ ಕೆ.ಜಿ.ಗೆ ಮುನ್ನೂರು, ಮುನ್ನೂರೈವತ್ತರ ಆಸುಪಾಸು. ಒಂದೂವರೆ ಕ್ವಿಂಟಾಲ್ ಸಿಕ್ಕಿತ್ತು, ಅರ್ಧ ಮಾರಿ ಅರ್ಧ ಇಟ್ಟೆವು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹಾಗೆ ಇಟ್ಟ ಮೆಣಸು ಗೋಡೌನಿನಲ್ಲೇ ಕೂತಿತು. "ದುಡ್ಡಾಗಿದ್ರೆ ಕೈಗಾದ್ರೂ ಬರ್ತಿತ್ತು" ಅಂತ ಅಂದವರೇ ಎಲ್ಲರೂ. ಮುಂದೆ ಐನೂರು ದಾಟಿದಾಗ ಮಾರಿದೆವು. ಆಗ ಬಾಯಿ ಮುಚ್ಚಿದರು. ಕಳೆದ ಸಲ ಎಂಟು ಕ್ವಿಂಟಾಲ್ ಚಿಲ್ಲರೆ ಆಗಿ, ಆರುನೂರ ಐವತ್ತರ ಲೆಕ್ಕದಲ್ಲಿ ಹೋಗಿ, ಒಣಗು ತೂಕ, ಬಾಡಿಗೆ ಎಲ್ಲ ಕಳೆದು ಐದು ಲಕ್ಷದ ಹತ್ತಿರ ಕೈಗೆ ಬಂತು. ರಸಮಂಜರಿಯವರು ಬಂದು ಲೆಕ್ಕ ನೋಡಿಕೊಂಡು ಹೋಗಲಿ.

ತೊಂದರೆ ಇಲ್ಲವೇ? ಇದೆ. ಒಂದು ವರ್ಷ ಯಾರದೋ ಮನೆಯ ಹಸಿ ಮೆಣಸು ಮೂಟೆಯೊಳಗೆ ಸೇರಿ ಹತ್ತಿಪ್ಪತ್ತು ದಿನದಲ್ಲಿ ಬೂಷ್ಟು ಹಿಡಿಯಿತು. ವ್ಯಾಪಾರಿ ಕೈ ಹಾಕಿ, ಮೂಸಿ, ಏನೂ ಹೇಳದೆ ಮೂಟೆಯನ್ನು ಬದಿಗೆ ತಳ್ಳಿದ. ಹದಿನೈದು ಸಾವಿರದಷ್ಟು ಹೊಡೆತ. ಈಗ ಬಾಗಿಲಲ್ಲೇ ನಾಲ್ಕು ಕಾಳು ಹಲ್ಲಿಗೆ ಕೊಟ್ಟು ನೋಡುತ್ತೇವೆ. ಟಕ್ ಅಂತ ಒಡೆದರೆ ಸರಿ, ಮೆತ್ತಗೆ ಚಪ್ಪಟೆಯಾದರೆ "ಅಕ್ಕ, ಇನ್ನೆರಡು ಬಿಸ್ಲು ಕೊಡಿ, ಮುಂದಿನ ಭಾನುವಾರ ಬರ್ತೀವಿ" ಅಂತ ವಾಪಸ್ ಕೊಡುತ್ತೇವೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮೆಣಸು ಬೆಳೆದವರಿಗೆ ಅದು ಗೊತ್ತಿರುವುದೇ. ಗೋಡೌನಿಗೆ ತಂದಮೇಲೆ ಮತ್ತೊಮ್ಮೆ ಟಾರ್ಪಾಲಿನ ಮೇಲೆ ಹರಡಿ, ತೂರಿ, ಜೊಳ್ಳು ತೆಗೆದು, ತೇವ ಶೇಕಡ ಹನ್ನೆರಡರ ಒಳಗೆ ಬಂದಮೇಲೇ ಮೂಟೆ ಕಟ್ಟುವುದು. ಒಂದು ಲೀಟರ್ ಅಳತೆಯ ಮೆಣಸು ಐನೂರೈವತ್ತು ಗ್ರಾಂ ಮೇಲೆ ತೂಗಿದರೆ ವ್ಯಾಪಾರಿಯ ಎದುರು ನಾವೇ ಮೊದಲು ರೇಟು ಹೇಳಬಹುದು.

ಎತ್ತಲು ಹೋಗುವುದು ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗಿನ ಭಾನುವಾರಗಳು. ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಐದರೊಳಗೆ ಮುಗಿಸಬೇಕು. ಕತ್ತಲಾದ ಮೇಲೆ ನಮ್ಮ ಕಡೆ ತೋಟದ ದಾರಿಯಲ್ಲಿ ಆನೆಗೆ ಮೊದಲ ಹಕ್ಕು. ಇನ್ನೂರೆಕರೆ ಇದ್ದವರಿಗೂ ಒಂದೇ ಕೆ.ಜಿ., ಅರ್ಧ ಎಕರೆಯವರಿಗೂ ಒಂದೇ ಕೆ.ಜಿ. ಪುಸ್ತಕದಲ್ಲಿ ಎಲ್ಲರ ಹೆಸರ ಮುಂದೆಯೂ ಒಂದೇ ಅಂಕಿ, ಹಾಗಾಗಿ ಪಕ್ಕದ ಮನೆಯದನ್ನು ನೋಡುವ ಚಟ ನಿಂತುಹೋಯಿತು. ದೊಡ್ಡವರು ಆಮೇಲೆ ಜೀಪು ಕಳಿಸಿ ಮೂಟೆಯನ್ನೇ ಕೊಟ್ಟರೆ ಅದು "ಊರಿನವರು" ಅಂತ ಬೇರೆ ಪುಟದಲ್ಲಿ ಸೇರುತ್ತದೆ. ತೋಟದ ಕೂಲಿಯವರ ಲೈನ್ ಮನೆಗಳ ಹೆಂಗಸರು ಬಳ್ಳಿಯ ಬುಡದಲ್ಲಿ ಉದುರಿದ್ದನ್ನು ಆಯ್ದು ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಅವರಲ್ಲಿ ನಾವು ಕೇಳುವುದಿಲ್ಲ. ಆದರೂ ಸೆರಗಿನ ತುದಿಯಲ್ಲಿ ಒಂದು ಪಾವು ತಂದು ಸುರಿಯುತ್ತಾರೆ. ಮೊದಲು ಯಾವ ಮನೆಗೆ ಹೋಗಬೇಕು, ಯಾರನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂಬುದರಲ್ಲಿ ಒಂದು ಗುಟ್ಟಿದೆ, ಅದನ್ನು ಇಲ್ಲಿ ಬರೆಯಲ್ಲ. ಮಾರುವ ವ್ಯಾಪಾರಿಯ ಹೆಸರನ್ನೂ ಕೇಳಬೇಡಿ.

ಇನ್ನು ಖರ್ಚು. ಹಳಬರೊಂದಿಗೆ ನಮಗೆ ಜಾಸ್ತಿ ವಾದ ಆದದ್ದು ಇಲ್ಲೇ. ನಾವು ಆಸ್ಪತ್ರೆ ಬಿಲ್ಲು ಕಟ್ಟುವುದಿಲ್ಲ. ಬಿಪಿಎಲ್ ಕಾರ್ಡಿದ್ದರೆ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಹೃದಯದಲ್ಲಿ ರಂಧ್ರ ಇರುವ ಮಕ್ಕಳಿಗೆ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ದಾರಿ ಇದೆ. ಆ ಕಾಗದ ಪತ್ರಕ್ಕೆ ನಾವು ಓಡಾಡುತ್ತೇವೆ, ದುಡ್ಡು ಹಾಕುವುದಿಲ್ಲ. ಮನೆ ಮುಳುಗುವುದು ಬಿಲ್ಲಿನಿಂದಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದ ಮಗುವಿನ ರಕ್ತ ಕ್ಯಾನ್ಸರ್ ಚಿಕಿತ್ಸೆ ಎರಡೂವರೆ ಮೂರು ವರ್ಷದ ಲೆಕ್ಕ. ಅಪ್ಪ ಕೂಲಿ ಬಿಟ್ಟು ಕೂರುತ್ತಾನೆ, ದಿನಕ್ಕೆ ನಾನೂರೈವತ್ತು ಐನೂರು ಹೋಯಿತು. ಅಮ್ಮನಿಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ಅಪ್ಪನಿಗೆ ಟಿಕೆಟ್. ರೂಮಿನ ಬಾಡಿಗೆ, ಹೋಟೆಲ್ ಊಟ, ಮನೆಯಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಇನ್ನೊಂದು ಮಗು. ದನ ಮಾರುವುದು, ಚಿನ್ನ ಅಡ ಇಡುವುದು ಇಲ್ಲಿ. ಹೀಗಾಗಿ ಮಗು ಒಳರೋಗಿಯಾಗಿರುವಷ್ಟು ದಿನ ದಿನಕ್ಕೆ ಮುನ್ನೂರು ಕೊಡುತ್ತೇವೆ, ಪ್ರಯಾಣದ ಖರ್ಚು ಬೇರೆ. ಕ್ಯಾನ್ಸರ್ ಮಕ್ಕಳಿಗೆ ರೈಲಿನ ಸ್ಲೀಪರ್‌ನಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಮುಕ್ಕಾಲು ಇದೆ ಎಂಬುದು ಎಷ್ಟೋ ಮನೆಗೆ ಗೊತ್ತೇ ಇರುವುದಿಲ್ಲ. ಫಾರಂ ನಾವೇ ಇಟ್ಟುಕೊಂಡಿರುತ್ತೇವೆ, ಡಾಕ್ಟರ ಸಹಿ ಹಾಕಿಸಿದರೆ ಆಯಿತು.

ದುಡ್ಡು ಅಮ್ಮನ ಕೈಗೇ. ಕಾರಣ ಬಿಡಿಸಿ ಹೇಳಬೇಕಿಲ್ಲ. ಒಬ್ಬ ಅಪ್ಪ ಬಂದು "ನನ್ನೇನ್ ನಂಬಲ್ವಾ ರೈಟ್ರೇ?" ಅಂತ ಕೂಗಾಡಿದ. "ಮಸ್ಟರ್ ಬರೆಯೋನು ನಾನೇ ಅಲ್ವೇನಪ್ಪ, ಸೋಮವಾರ ಯಾರ್ಯಾರು ಕೆಲಸಕ್ಕೆ ಬರಲ್ಲ ಅಂತ ನಂಗೊತ್ತಿಲ್ವಾ?" ಅಂದೆ. ಸುಮ್ಮನಾದ. ಯಾವ ಮನೆಗೆ ನಿಜವಾಗಿ ಬೇಕು ಎಂಬುದಕ್ಕೆ ನಮಗೆ ಆಶಾ ಕಾರ್ಯಕರ್ತೆಯ ಮಾತೇ ಪ್ರಮಾಣ, ಅದರ ಮೇಲೆ ಓಪಿ ಚೀಟಿಯ ಜೆರಾಕ್ಸ್. ಒಂದು ಖಾಸಗಿ ಆಸ್ಪತ್ರೆಯಿಂದ ಎರಡೂವರೆ ಲಕ್ಷದ ಎಸ್ಟಿಮೇಟ್ ಹಿಡಿದು ಬಂದವರಿಗೆ ಇಲ್ಲ ಎಂದೆವು, ಊರಲ್ಲಿ ಬೈಸಿಕೊಂಡೆವು. ಅದೇ ಆಪರೇಷನ್ ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾರ್ಡಿನ ಮೇಲೆ ಆಯಿತು.

ನಾವು ಮಾಡಿದ್ದರಲ್ಲಿ ನನಗೆ ಹೆಮ್ಮೆ ಇರುವುದು ಜ್ವರದ ಲಕೋಟೆಯ ಮೇಲೆ. ಕೀಮೋ ಆಗುತ್ತಿರುವ ಮಗುವಿಗೆ ಬಿಳಿ ರಕ್ತಕಣ ಇಳಿದಿರುವಾಗ ಜ್ವರ ಬಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. 100.4 ದಾಟಿದರೆ ಹೊರಡಿ ಅಂತ ಡಾಕ್ಟರು ಹೇಳಿ ಕಳಿಸಿರುತ್ತಾರೆ. ಹೊರಡುವುದು ಹೇಗೆ? ರಾತ್ರಿ ಒಂದಕ್ಕೆ ತೋಟದ ಲೈನಿನಿಂದ ಜೀಪು ಕರೆಸಬೇಕು, ದುಡ್ಡು ಕೇಳಲು ಧಣಿಗಳ ಬಾಗಿಲು ತಟ್ಟಬೇಕು. ಹಿಂಜರಿದು ಬೆಳಗಿನ ಬಸ್ಸಿಗೆ ಕಾದವರಿದ್ದಾರೆ, ಅದರ ಫಲ ಏನಾಯಿತೆಂದು ಬರೆಯುವುದು ಬೇಡ. ಈಗ ಕೀಮೋ ಶುರುವಾದ ದಿನವೇ ನಾಲ್ಕು ಸಾವಿರ ನಗದು, ಒಂದು ಥರ್ಮಾಮೀಟರ್, ಜೀಪಿನವರ ನಂಬರ್ ಇರುವ ಚೀಟಿ ಇಷ್ಟನ್ನು ಕಂದು ಲಕೋಟೆಯಲ್ಲಿ ಹಾಕಿ, ಅರಗು ಹಚ್ಚಿ ಕೊಡುತ್ತೇವೆ. ಜ್ವರಕ್ಕಲ್ಲದೆ ಒಡೆಯುವಂತಿಲ್ಲ. ಚಿಕಿತ್ಸೆ ಮುಗಿದಮೇಲೆ ಒಡೆಯದೆಯೇ ಹಿಂದಿರುಗಿಸಿದವರೂ ಇದ್ದಾರೆ. ಕಷ್ಟದಲ್ಲಿದ್ದವರ ಮನೆಯ ಪೆಟ್ಟಿಗೆಯಲ್ಲಿ ನಾಲ್ಕು ಸಾವಿರ ಅಷ್ಟು ತಿಂಗಳು ಮುಟ್ಟದೆ ಕೂತಿತ್ತು ಎಂದರೆ ನೀವೇ ಯೋಚಿಸಿ.

ಮಧ್ಯೆ ಒಂದೆರಡು ಬೇರೆ ಪ್ರಯೋಗವೂ ನಡೆಯಿತು. ಆಸ್ಪತ್ರೆ ಚೀಲ ಅಂತ ಮಾಡಿದೆವು: ಚಾಪೆ, ಹೊದಿಕೆ, ಫ್ಲಾಸ್ಕು, ತಟ್ಟೆ ಲೋಟ, ಉದ್ದ ವೈರಿನ ಚಾರ್ಜರ್. ಹೋಗುವಾಗ ಕೊಟ್ಟು ಬಂದಮೇಲೆ ಇಸಿದುಕೊಳ್ಳುವ ಯೋಚನೆ. ಫ್ಲಾಸ್ಕು ತಪ್ಪದೆ ಬರುತ್ತದೆ, ಚಾಪೆ ಒಂದೂ ಬಂದಿಲ್ಲ. ವಾರ್ಡಿನಲ್ಲಿ ಪಕ್ಕದವರಿಗೆ ಕೊಟ್ಟು ಬರುತ್ತಾರಂತೆ. ಕೊಡಲಿ ಬಿಡಿ, ಚಾಪೆಗೆ ನೂರೈವತ್ತು. ಮದುವೆಗಳಲ್ಲಿ ಮುಯ್ಯಿಯ ಜೊತೆ ನಮಗೂ ಒಂದು ಕವರ್ ಇಡಿ ಅಂತ ಕೇಳಿ ನೋಡಿದ್ದು ಮಾತ್ರ ಕೆಲಸಕ್ಕೆ ಬರಲಿಲ್ಲ. ಮುಯ್ಯಿ ಮತ್ತೆ ಹಿಂದಿರುಗಿಸಬೇಕಾದ ಲೆಕ್ಕ, ಅದರ ಪಕ್ಕ ಕೂತರೆ ನಮ್ಮ ಕವರ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಲೆಕ್ಕದ ವಿಷಯ ಒಂದು ಮಾತು. ಸಂಘ ನೋಂದಣಿ ಮಾಡಿಸಿ, ಮೂವರ ಸಹಿಯ ಖಾತೆ ತೆರೆಯಿರಿ. ಒಬ್ಬರ ಸ್ವಂತ ಖಾತೆಗೆ ಲಕ್ಷ ಬಿದ್ದರೆ ಜನ ಮಾತಾಡದೇ ಇರಲ್ಲ. 80ಜಿ, ಅಂದರೆ ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೇಳುವ ಪೇಟೆಯವರಿಗೆ ಎರಡು ಸಾವಿರದ ಮೇಲೆ ನಗದು ಕೊಟ್ಟರೆ ವಿನಾಯಿತಿ ಸಿಗದು ಎಂದು ಮೊದಲೇ ಹೇಳಿಬಿಡಿ. ವರ್ಷದ ಲೆಕ್ಕವನ್ನು ನಾವು ಹಾಲಿನ ಡೈರಿಯ ಗೋಡೆಗೆ ಅಂಟಿಸುತ್ತೇವೆ: ಬಂದ ಮೆಣಸು, ಮಾರಿದ ರೇಟು, ಎಷ್ಟು ಮನೆಗೆ ಎಷ್ಟು. ಹೆಸರಿಲ್ಲ, ಊರೂ ಇಲ್ಲ.

ಮೆಣಸು ಇಲ್ಲದ ಕಡೆ ಏನು ಮಾಡುವುದು ಎನ್ನುವವರಿಗೆ: ಹಾಸನದ ಕಡೆಯ ಸ್ನೇಹಿತರು ಆಲೂಗಡ್ಡೆಯಲ್ಲಿ ಮಾಡಲು ಹೋಗಿ ಕೊಳೆತ ಮೂಟೆ ಹೊತ್ತು ಹಾಕಿದರು. ಇಟ್ಟರೆ ಕೆಡುವ ಬೆಳೆ ಬೇಡ. ಅರಸೀಕೆರೆಯವರೊಬ್ಬರು ಈ ವರ್ಷ ಕೊಬ್ಬರಿಯಲ್ಲಿ ಶುರು ಮಾಡುತ್ತಿದ್ದಾರೆ. ತೂಕಕ್ಕೆ ಹೋಗಬೇಡಿ, ಮನೆಗೆ ಇಂತಿಷ್ಟು ಉಂಡೆ ಅಂತ ಎಣಿಸಿ ತೆಗೆದುಕೊಳ್ಳಿ, ಒಣಗಿದೆಯೇ ಅಂತ ಅಲುಗಾಡಿಸಿ ನೋಡದೆ ಚೀಲಕ್ಕೆ ಹಾಕಬೇಡಿ ಅಂತ ಹೇಳಿದ್ದೇನೆ.