ಗಾಜಿನ ಬಂಗಡೆ, ಕಾರವಾರದ ಗಾಳಿ

ಬಣ್ಣದ ಗಾಜಿನ ಕೆಲಸ ಕಲಿಯೋಣ ಅಂತ ಮೊದಲು ಹೇಳಿದ್ದು ನಮ್ಮನೆಯವರು. ನಿವೃತ್ತಿಯ ನಂತರ ಇಬ್ಬರೂ ಒಂದೇ ಮೇಜಿಗೆ ಕೂತು ಮಾಡುವಂಥದ್ದು ಏನಾದರೂ ಬೇಕು ಅನ್ನುವುದು ಅವರ ಆಸೆ. ಯುರೋಪಿನ ಇಗರ್ಜಿಗಳ ಕಿಟಕಿಗಳಲ್ಲಿ ಗಾಜಿನ ಚೂರುಗಳನ್ನು ಸೀಸದ ಪಟ್ಟಿಯಲ್ಲಿ ಕೂರಿಸುತ್ತಾರೆ. ನಾವು ಹಿಡಿದದ್ದು ಚೂರಿನ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ ಬೆಸೆಯುವ ಪದ್ಧತಿ. 19ನೇ ಶತಮಾನದ ಕೊನೆಗೆ ಅಮೆರಿಕದ ಟಿಫನಿ ದೀಪಗಳಿಂದ ಹೆಸರಾದದ್ದು ಇದು. ಸಣ್ಣ ಚೂರು, ಬಾಗಿದ ಗೆರೆ ಇರುವ ಚಿತ್ರಕ್ಕೆ ಇದೇ ಒಗ್ಗುತ್ತದೆ.

ಚಿತ್ರ ಯಾವುದು ಅನ್ನುವ ಚರ್ಚೆಯೇ ಆಗಲಿಲ್ಲ. ಬಂಗಡೆ. ಅದರ ಬೆನ್ನಿನ ಉದ್ದಕ್ಕೂ ಸಾಗುವ ಕಪ್ಪು ಗೆರೆಗಳನ್ನು ಬೆಸುಗೆಯ ಗೆರೆಯಲ್ಲೇ ತರಬಹುದು. ಬೆನ್ನಿಗೆ ನೀಲಿ-ಹಸಿರು, ಹೊಟ್ಟೆಗೆ ಹಾಲುಬಣ್ಣದ ಗಾಜು. ಬಾಲ ಮಾತ್ರ ಯೋಚನೆಗೆ ಹಚ್ಚಿತು. ಒಳಕ್ಕೆ ಆಳವಾಗಿ ಸೀಳಿದ ಆಕಾರ ಒಂದೇ ಚೂರಿನಲ್ಲಿ ಬರುವುದಿಲ್ಲ, ಗಾಜು ಸೀಳಿನ ತುದಿಯಿಂದ ಬಿರಿದು ಹೋಗುತ್ತದೆ. ಹಾಗಾಗಿ ನಕ್ಷೆಯಲ್ಲೇ ಬಾಲವನ್ನು ಎರಡು ಚೂರು ಮಾಡಿದೆವು.

ಕತ್ತರಿಸುವುದು ನನ್ನ ಪಾಲಿಗೆ ಬಂತು. ಕಟರ್ ಗಾಜನ್ನು ಕತ್ತರಿಸುವುದೇ ಇಲ್ಲ, ಮೇಲ್ಮೈಯಲ್ಲಿ ಒಂದು ಗೀರು ಎಳೆಯುತ್ತದೆ ಅಷ್ಟೇ. ಬಿರುಕು ಆ ಗೀರಿನ ಗುಂಟ ಓಡುವಂತೆ ಮಾಡುವುದು ನಮ್ಮ ಕೆಲಸ. ಕಟರ್‌ನ ತುದಿಯಲ್ಲಿರುವ ಪುಟ್ಟ ಗಾಲಿಗೆ ಎಣ್ಣೆ ಮುಟ್ಟಿಸಿ, ಅಂಚಿನಿಂದ ಅಂಚಿಗೆ ಒಂದೇ ಒತ್ತಡದಲ್ಲಿ ತಳ್ಳುತ್ತೇನೆ. ಸರ್ ಎಂಬ ಸಣ್ಣ ಸದ್ದು ಎಡೆಬಿಡದೆ ಕೇಳಬೇಕು. ಅದೇ ಗೀರಿನ ಮೇಲೆ ಮತ್ತೆ ಹಾಯಿಸಬಾರದು, ಗಾಲಿಯೂ ಕೆಡುತ್ತದೆ, ಗಾಜೂ ದಾರಿ ತಪ್ಪಿ ಒಡೆಯುತ್ತದೆ. ಆಮೇಲೆ ಇಕ್ಕಳದ ನಡುಗುರುತನ್ನು ಗೀರಿನ ತುದಿಗೆ ಸರಿಹೊಂದಿಸಿ ಮೆಲ್ಲಗೆ ಅದುಮಿದರೆ ಬಿರುಕು ಓಡುವುದು ಕಣ್ಣಿಗೇ ಕಾಣುತ್ತದೆ. ನಮ್ಮನೆಯವರು ಅದನ್ನು ನೋಡಲೆಂದೇ ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. “ತಡಿಯೇ, ನಾ ಬರ್ತೆ” ಅನ್ನುತ್ತಾರೆ.

ಪಟ್ಟಿ ಸುತ್ತುವುದು ಅವರದು, ಅಷ್ಟು ತಾಳ್ಮೆ ನನಗಿಲ್ಲ. 3 ಮಿ.ಮೀ. ಗಾಜಿಗೆ ಸುಮಾರು 5.5 ಮಿ.ಮೀ. ಅಗಲದ ಪಟ್ಟಿ. ಎರಡೂ ಬದಿಗೆ ಸಮನಾಗಿ ಮಡಚಿ, ಚಪ್ಪಟೆ ಕಡ್ಡಿಯಿಂದ ಉಜ್ಜಿ ಅಂಟಿಸಬೇಕು. ಒಂದು ಬದಿ ಕಿರಿದಾದರೆ ಬೆಸುಗೆಯ ಗೆರೆಯೂ ಅಲ್ಲಿ ಸಣ್ಣದಾಗಿ ಕಾಣುತ್ತದೆ.

ಕರಾವಳಿಯವರು ಗಮನಿಸಬೇಕಾದ್ದು ಇಲ್ಲಿದೆ. ಉಪ್ಪುಗಾಳಿ, ತೇವ ಎರಡೂ ಸೇರಿದರೆ ತಾಮ್ರ ಬೇಗ ಕಪ್ಪಾಗುತ್ತದೆ. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಪಟ್ಟಿಯ ಸುರುಳಿಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ಸುತ್ತಿದ ದಿನವೇ ಬೆಸೆದು ಮುಗಿಸುವುದು ನಮ್ಮ ರೂಢಿ. ಮಳೆಗಾಲದಲ್ಲಂತೂ ಇದಕ್ಕೆ ವಿನಾಯಿತಿ ಇಲ್ಲ. ಬೆಸೆಯುವ ಮುಂಚೆ ಹಚ್ಚುವ ಫ್ಲಕ್ಸ್, ಕಲಾಯಿಯವನು ಪಾತ್ರೆಗೆ ಉಜ್ಜುವ ನವಸಾಗರದ ಹಾಗೆ, ಲೋಹದ ಮೈ ಶುಚಿ ಮಾಡಿ ತವರ ಹರಿಯಲು ದಾರಿ ಕೊಡುತ್ತದೆ.

ನಾವು ಬಳಸುವ ಬೆಸುಗೆ ತಂತಿಯಲ್ಲಿ 60 ಪಾಲು ತವರ, 40 ಪಾಲು ಸೀಸ. 183 ಡಿಗ್ರಿ ಸೆಲ್ಸಿಯಸ್‌ಗೆ ಕರಗಲು ಶುರುವಾಗಿ 190ರ ಹೊತ್ತಿಗೆ ಪೂರ್ತಿ ನೀರಾಗುತ್ತದೆ. ರೇಡಿಯೋ ರಿಪೇರಿಗೆ ಬಳಸುವ 25 ವಾಟ್ ಬೆಸುಗೆ ಐರನ್ ಸಾಲದು, 80 ವಾಟ್ ಆದರೂ ಬೇಕು. ಸೀಸ ಇರುವುದರಿಂದ ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ. ಕಿಟಕಿ ತೆರೆದಿರಲಿ. ಸಾಬೂನಿನಿಂದ ಕೈ ತೊಳೆಯದೆ ಚಹಾದ ಲೋಟವನ್ನೂ ಮುಟ್ಟಬಾರದು. ಮೊಮ್ಮಕ್ಕಳು ಬಂದಾಗ ಎಲ್ಲ ಸಾಮಾನೂ ಅಟ್ಟಕ್ಕೆ.

ಬಂಗಡೆ ಈಗ ಅಡುಗೆಮನೆಯ ಪಡುವಣ ಕಿಟಕಿಯಲ್ಲಿದೆ. ತೂಗುಹಾಕುವ ಕೊಂಡಿಯನ್ನು ಬರೀ ಅಂಚಿನ ಪಟ್ಟಿಗೆ ಬೆಸೆಯಬೇಡಿ, ಭಾರಕ್ಕೆ ಪಟ್ಟಿ ಕಿತ್ತು ಬರುತ್ತದೆ. ಎರಡು ಚೂರು ಕೂಡುವ ಗೆರೆಗೆ ಬೆಸೆಯಿರಿ. ಜೂನ್ ತಿಂಗಳ ಗಾಳಿಗೆ ಅದೂ ಸಾಲದೆಂದು ನಮ್ಮನೆಯವರು ಕೆಳಗಡೆಯೂ ಎರಡು ಕೊಂಡಿ ಹಾಕಿ ತಂತಿಯಿಂದ ಚೌಕಟ್ಟಿಗೆ ಬಿಗಿದಿದ್ದಾರೆ.