ತುಮಕೂರಿನಲ್ಲಿ ಕೂತು ನೋಡಿಕೊಂಡ ಓಪನ್ ಸೋರ್ಸ್ ಪ್ರಾಜೆಕ್ಟ್ ನನಗೆ ಕೆಲಸ ಕೊಡಿಸಿದ ಬಗೆ

ಕೋಡನ್ನು ಎಲ್ಲರಿಗೂ ಪುಕ್ಕಟೆಯಾಗಿ ತೆರೆದಿಡುವ ಓಪನ್ ಸೋರ್ಸ್ ನಂಬಿಕೊಂಡು ಉದ್ಧಾರವಾದವರಿಲ್ಲ ಎಂದು ನನಗೆ ಹೇಳಿದವರಲ್ಲಿ ಸಹೋದ್ಯೋಗಿಗಳೂ ಇದ್ದರು, ಮನೆಯವರೂ ಇದ್ದರು. ‘ಪುಗಸಟ್ಟೆ ಕೆಲಸಕ್ಕೆ ನಿದ್ದೆ ಯಾಕೆ ಕೆಡಿಸ್ಕೋತೀಯಪ್ಪಾ, ಅದೇ ಹೊತ್ತಲ್ಲಿ ಒಂದು ಕೋರ್ಸ್ ಮುಗಿಸಬಾರದಾ’ ಎಂದು ಚಿಕ್ಕಪ್ಪ ಕೇಳುತ್ತಿದ್ದರು. ಆಗ ನಾನು ದಿನವೂ ತುಮಕೂರಿನಿಂದ ಯಶವಂತಪುರಕ್ಕೆ ರೈಲಿನಲ್ಲಿ ಓಡಾಡುತ್ತಿದ್ದೆ, ಸಂಬಳ 22 ಸಾವಿರದ ಆಸುಪಾಸು. ಈಗ ಅದರ ನಾಲ್ಕು ಪಟ್ಟು ಬರುತ್ತಿದೆ, ಕೆಲಸವೂ ಬಹುಪಾಲು ಮನೆಯಿಂದಲೇ. ನುಡಿ ಫಾಂಟ್‌ನ ಹಳೆಯ ಪಠ್ಯವನ್ನು ಎಲ್ಲ ಸಾಧನಗಳೂ ಓದಬಲ್ಲ ಯೂನಿಕೋಡ್‌ಗೆ ಬದಲಿಸುವ ಒಂದು ಸಣ್ಣ ಪೈಥಾನ್ ಲೈಬ್ರರಿ (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳಬಹುದಾದ ಕೋಡ್) ಇದನ್ನು ಸಾಧ್ಯವಾಗಿಸಿತು. ಅದನ್ನು ಬರೆದದ್ದಕ್ಕಿಂತ, ಬರೆದ ಮೇಲೆ ಮೂರು ನಾಲ್ಕು ವರ್ಷ ಕೈಬಿಡದೆ ನೋಡಿಕೊಂಡದ್ದೇ ಮುಖ್ಯವಾಯಿತು ಎಂದು ನಾನು ಖಚಿತವಾಗಿ ಹೇಳಬಲ್ಲೆ.

ಮೊದಮೊದಲು ಎಲ್ಲರೂ ಹೇಳುವ ದಾರಿಗಳನ್ನೇ ಹಿಡಿದಿದ್ದೆ. ಓಪನ್ ಸೋರ್ಸ್ ಕೊಡುಗೆಯ ಅಭಿಯಾನವಾದ ಹ್ಯಾಕ್ಟೋಬರ್‌ಫೆಸ್ಟ್ ಸಮಯದಲ್ಲಿ ಹತ್ತಾರು ರೆಪೊಗಳಿಗೆ (ಪ್ರಾಜೆಕ್ಟಿನ ಕೋಡ್ ಇಡುವ ಜಾಗಗಳಿಗೆ) ಚಿಕ್ಕಪುಟ್ಟ ತಿದ್ದುಪಡಿ ಕಳಿಸಿದೆ. ಯಾವ ಸಂದರ್ಶನದಲ್ಲೂ ಅವುಗಳ ಬಗ್ಗೆ ಒಂದು ಪ್ರಶ್ನೆ ಬರಲಿಲ್ಲ. ದೊಡ್ಡ ಪ್ರಾಜೆಕ್ಟುಗಳಿಗೆ ಕಳಿಸಿದ ಪುಲ್ ರಿಕ್ವೆಸ್ಟ್‌ಗಳು (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಕೋರಿಕೆಗಳು) ತಿಂಗಳುಗಟ್ಟಲೆ ಯಾರೂ ನೋಡದೆ ಮುಚ್ಚಿಹೋದವು. ಲೈಬ್ರರಿಗೊಂದು ಡೆಮೊ ತಾಣವಿರಲಿ ಎಂದು ಡೊಮೇನ್, ಸರ್ವರ್ ಎಲ್ಲ ಸೇರಿ ವರ್ಷಕ್ಕೆ ಎಂಟೊಂಬತ್ತು ಸಾವಿರ ಖರ್ಚು ಮಾಡಿದೆ. ದೇಣಿಗೆಯ ಕೊಂಡಿಯನ್ನೂ ಹಾಕಿ ನೋಡಿದೆ, ಎರಡು ವರ್ಷದಲ್ಲಿ ಬಂದ ಹಣ ಮೂರು ತಿಂಗಳ ಇಂಟರ್‌ನೆಟ್ ಬಿಲ್ಲಿಗೂ ಸಾಲಲಿಲ್ಲ. ಇಂಥ ಸಣ್ಣ ಪ್ರಾಜೆಕ್ಟಿನಿಂದ ನೇರವಾಗಿ ದುಡ್ಡು ಹುಟ್ಟುವುದಿಲ್ಲವೆಂದು ಮನವರಿಕೆಯಾದ ಮೇಲೆ ಸರ್ವರ್ ನಿಲ್ಲಿಸಿ, ಆ ಸಮಯವನ್ನೆಲ್ಲ ಕೋಡ್ ಸರಿಯಿದೆಯೇ ಎಂದು ತಾನಾಗಿ ನೋಡುವ ಟೆಸ್ಟ್‌ಗಳಿಗೆ ಹಾಕಿದೆ.

ಟೆಸ್ಟ್ ಎಂದೆನಲ್ಲ, ಪ್ರಾಜೆಕ್ಟಿಗೆ ಹೆಸರು ಬಂದದ್ದೇ ಅಲ್ಲಿಂದ. ಇಂಥ ಪರಿವರ್ತಕಗಳು ಮೊದಲೂ ಇದ್ದವು, ಆದರೆ ಅರ್ಕಾವತ್ತು ಬಂದಲ್ಲಿ ಹಲವು ಎಡವುತ್ತಿದ್ದವು. ನುಡಿಯ ಹಳೆಯ ಪಠ್ಯದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿರುತ್ತವೆ, ಅರ್ಕಾವತ್ತಿನ ಗುರುತು ವ್ಯಂಜನದ ನಂತರ ಬರುತ್ತದೆ. ಯೂನಿಕೋಡ್‌ನಲ್ಲಿ ರಕಾರ ಮತ್ತು ವಿರಾಮ (ಸ್ವರವಿಲ್ಲವೆಂದು ತೋರಿಸುವ ಚಿಹ್ನೆ) ಆ ವ್ಯಂಜನಕ್ಕಿಂತ ಮುಂಚೆ ಬರಬೇಕು. ‘ವರ್ಷ’, ‘ಸರ್ಕಾರ’ ಮುಂತಾದ ಪದಗಳಲ್ಲಿ ಗುರುತನ್ನು ಒಂದು ವ್ಯಂಜನ ಹಿಂದಕ್ಕೆ ಸರಿಸಿದರೆ ಸಾಕು. ‘ಸಾಮರ್ಥ್ಯ’ದಲ್ಲಿ ಥಕಾರ, ಯ ಒತ್ತು, ಆಮೇಲೆ ಅರ್ಕಾವತ್ತು ಇರುವುದರಿಂದ ಹಾಗೆ ಸರಿಸಿದರೆ ‘ಸಾಮಥ್ರ್ಯ’ ಎಂದಾಗುತ್ತದೆ, ಈ ತಪ್ಪು ರೂಪವನ್ನು ಕನ್ನಡದ ಜಾಲತಾಣಗಳಲ್ಲಿ ನೀವೂ ಕಂಡಿರುತ್ತೀರಿ. ಇಡೀ ಸಂಯುಕ್ತಾಕ್ಷರವನ್ನು ದಾಟಿ ಹಿಂದಕ್ಕೆ ಹೋಗಬೇಕು. ಹಾಗೆ ಹೋಗುವ ಮೊದಲು ನಾನು ಪಠ್ಯವನ್ನು ತುಂಡರಿಸುವ ಒಂದು ವಿಧಾನವಿದೆ, ಅದು ಕೋಡ್ ಓದಿದವರಿಗೆ ಸಿಗುತ್ತದೆ, ಇಲ್ಲಿ ಬಿಡಿಸಿ ಹೇಳುವುದಿಲ್ಲ. ಪರೀಕ್ಷಾ ಪದಗಳ ಪಟ್ಟಿ ಈಗ ಎರಡು ಸಾವಿರ ದಾಟಿದೆ.

ಆ ಪಟ್ಟಿಯ ಬಹುಪಾಲು ಬಂದದ್ದು ಬಳಕೆದಾರರಿಂದ. ನಮ್ಮೂರಿನ ಒಂದು ಡಿಟಿಪಿ ಅಂಗಡಿಯವರು ರೆಪೊದಲ್ಲಿ ಇಶ್ಯೂ (ದೋಷದ ದೂರು) ತೆರೆಯಲು ಬಾರದೆ, ‘ಸಾರ್, ಮದುವೆ ಪತ್ರಿಕೇಲಿ ಅಕ್ಷರ ಒಡೀತಿದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸುತ್ತಿದ್ದರು. ಪ್ರತಿಯೊಂದನ್ನೂ ನಾನೇ ಇಶ್ಯೂ ಆಗಿ ಬರೆದು, ದೋಷ ಮತ್ತೆ ಕಾಣಿಸುವಂಥ ಉದಾಹರಣೆ ಸೇರಿಸಿ, ಸರಿಪಡಿಸಿದ ಆವೃತ್ತಿಯ ಸಂಖ್ಯೆಯೊಡನೆ ಮುಚ್ಚುತ್ತಿದ್ದೆ. ಪಿಡಿಎಫ್ ಓದುವ ಸೌಲಭ್ಯವೂ ಬೇಕೆಂದು ಕೇಳಿದವರಿಗೆ, ಅದು ಈ ಲೈಬ್ರರಿಯ ವ್ಯಾಪ್ತಿಗೆ ಯಾಕೆ ಸೇರುವುದಿಲ್ಲ ಎಂದು ಐದಾರು ಸಾಲಿನಲ್ಲಿ ವಿವರಿಸಿ ಬೇಡವೆಂದೆ. ಮಧ್ಯೆ ಲೈಬ್ರರಿ ಬಳಸುವ ವಿವರಣೆಯನ್ನು ಕನ್ನಡದಲ್ಲೂ ಬರೆದು ನೋಡಿದೆ. ಕೋಡ್ ಕಳಿಸುವವರ ಸಂಖ್ಯೆ ಹೆಚ್ಚಲಿಲ್ಲ, ಆದರೆ ದೋಷ ತಿಳಿಸುವವರು ಎರಡು ಪಟ್ಟಾದರು, ಅದೇ ನನಗೆ ಹೆಚ್ಚು ಉಪಯೋಗಕ್ಕೆ ಬಂತು.

2024ರ ಮಾರ್ಚ್‌ನಲ್ಲಿ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ಓಪನ್ ಸೋರ್ಸ್ ತಂತ್ರಾಂಶದಲ್ಲಿದ್ದ ಹಿಂಬಾಗಿಲು (ಕಳ್ಳತನದ ಪ್ರವೇಶದಾರಿ) ಬೆಳಕಿಗೆ ಬಂತು. ಸುಮಾರು ಎರಡು ವರ್ಷ ಸಹಾಯಕನಂತೆ ವರ್ತಿಸಿ ವಿಶ್ವಾಸ ಗಳಿಸಿದ ಒಬ್ಬ ಸಹ ನಿರ್ವಾಹಕನೇ ಅದನ್ನು ಸೇರಿಸಿದ್ದು. ದೂರದ ಕಂಪ್ಯೂಟರಿಗೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯೆಂಬ ಸಂಶಯದಿಂದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆ ಹಚ್ಚಿದರು. ಅದೇ ವಾರ ನಾನು ನನ್ನ ಲೈಬ್ರರಿಯ ಬಿಡುಗಡೆಯ ಹಕ್ಕು ಯಾರಿಗಿದೆ, ಟೋಕನ್‌ಗಳು (ಗುಪ್ತ ಕೀಲಿಗಳು) ಎಲ್ಲಿವೆ ಎಂದು ಪರಿಶೀಲಿಸಿ, ಮಾಡಿದ ಬದಲಾವಣೆಗಳನ್ನು ರೆಪೊದಲ್ಲೇ ದಾಖಲಿಸಿದೆ. ಕೆಲವು ತಿಂಗಳ ನಂತರ ನಡೆದ ಸಂದರ್ಶನದಲ್ಲಿ ಈಗಿನ ಕಂಪನಿಯವರು ಮೊದಲು ತೆರೆದದ್ದು ಆ ದಾಖಲೆಯನ್ನೇ. ಪಿಡಿಎಫ್ ಬೇಡವೆಂದ ಉತ್ತರವನ್ನೂ ಓದಿಕೊಂಡು ಬಂದಿದ್ದರು, ಆ ನಿರ್ಧಾರದ ಬಗ್ಗೆಯೇ ಅರ್ಧ ಗಂಟೆ ಮಾತಾಯಿತು. ನನ್ನ ರೆಪೊಗೆ ಆಗ ಇನ್ನೂರರಷ್ಟು ಸ್ಟಾರ್ (ನೋಡಿದವರು ಕೊಡುವ ಮೆಚ್ಚುಗೆಯ ಗುರುತು) ಇದ್ದವು, ಅವುಗಳ ಬಗ್ಗೆ ಯಾರೂ ಮಾತೆತ್ತಲಿಲ್ಲ. ಒಗಟಿನಂಥ ಸಮಸ್ಯೆಗಳಿಗೆ ಕೋಡ್ ಬರೆಸುವ ಅಲ್ಗಾರಿದಮ್ ಸುತ್ತು ಇರಲೇ ಇಲ್ಲ. ನಾಲ್ಕು ವರ್ಷದ ನಿರ್ಧಾರಗಳನ್ನು ಯಾರಾದರೂ ಓದಬಹುದಾದ ಜಾಗದಲ್ಲಿ ಇಟ್ಟವನಿಗೆ ರೆಸ್ಯೂಮೆಯಲ್ಲಿ ವಿಶೇಷಣಗಳ ಅಗತ್ಯ ಬರಲಿಲ್ಲ. ಯಾವ ಕಂಪನಿಗಳಿಗೆ ಅರ್ಜಿ ಹಾಕಬೇಕೆಂದು ಹೇಗೆ ಆರಿಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆಫರ್ ಲೆಟರ್ ಬಂದಾಗ ಸಂಬಳಕ್ಕಿಂತ ಮೊದಲು ಬೌದ್ಧಿಕ ಆಸ್ತಿಯ ಷರತ್ತನ್ನು ಓದಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಮಾಡಿದ ಕೃತಿಯ ಹಕ್ಕು ಉದ್ಯೋಗದಾತನದಾಗುತ್ತದೆ. ಆದ್ದರಿಂದ ಲೈಬ್ರರಿಯ ಹೆಸರನ್ನು ನಮೂದಿಸಿ, ಅದು ಷರತ್ತಿನ ಹೊರಗೆ ಎಂದು ಬರಹದಲ್ಲಿ ಕೇಳಿದೆ. ಒಂದು ವಾರ ತಡವಾದರೂ ಒಪ್ಪಿದರು, ಶುಕ್ರವಾರ ಮಧ್ಯಾಹ್ನದ ಸಮಯವನ್ನೂ ಅದಕ್ಕೆ ಬಿಟ್ಟುಕೊಟ್ಟರು. ಸದ್ಯಕ್ಕೆ ಆ ಹೊತ್ತಿನಲ್ಲಿ ನುಡಿಯಂಥದೇ ಇನ್ನೊಂದು ಫಾಂಟ್ ವ್ಯವಸ್ಥೆಯಾದ ಶ್ರೀಲಿಪಿಯ ಪಠ್ಯವನ್ನು ಬದಲಿಸುವ ಭಾಗ ಬರೆಯುತ್ತಿದ್ದೇನೆ, ಡಿಟಿಪಿ ಅಂಗಡಿಯವರು ಅದಕ್ಕೂ ಫೋಟೊ ಕಳಿಸಲು ಶುರು ಮಾಡಿದ್ದಾರೆ.