ಬಿಟ್ಟುಹೋದವರ ಪಟ್ಟಿ ಹಿಡಿದು ಹೊರಟಾಗ

ಹುಬ್ಬಳ್ಳಿ-ಧಾರವಾಡದ ಒಂದು ಸಣ್ಣ ಖಾಸಗಿ ವಿಶ್ವವಿದ್ಯಾಲಯದಲ್ಲಿ ನಾನು ಪಾಠ ಮಾಡುತ್ತೇನೆ. ಸಮಾನ ಅವಕಾಶ ಕೋಶದ ಸಂಯೋಜಕಿಯ ಹೊಣೆ ನನಗೆ ಬಂದಾಗ ಕೈಗೆ ಸಿಕ್ಕಿದ್ದು ಒಂದು ಕಡತ. ಅದರಲ್ಲಿ ಸಮಿತಿಯ ಸದಸ್ಯರ ಹೆಸರುಗಳು, ಎರಡು ಸಭೆಗಳ ನಡಾವಳಿ, ಯಾವ ವರ್ಗದ ಎಷ್ಟು ಮಂದಿ ಪ್ರವೇಶ ಪಡೆದರು ಎಂಬ ಕೋಷ್ಟಕ ಇದ್ದವು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ವಿಶೇಷ ಚೇತನರು ಹೀಗೆ ಎಲ್ಲ ಕಾಲಂಗಳೂ ತುಂಬಿದ್ದವು. ಆದರೆ ಮೊದಲ ಸೆಮಿಸ್ಟರಿನಲ್ಲಿ ನನ್ನ ತರಗತಿಯಲ್ಲಿ ಕಂಡ ಕೆಲವು ಮುಖಗಳು ಎರಡನೆಯ ಸೆಮಿಸ್ಟರಿನಲ್ಲಿ ಕಾಣುತ್ತಿರಲಿಲ್ಲ, ಮತ್ತು ಬಿಟ್ಟುಹೋದವರಿಗಾಗಿ ಆ ಕೋಷ್ಟಕದಲ್ಲಿ ಕಾಲಂ ಇರಲಿಲ್ಲ.

ಆದ್ದರಿಂದ ಹೊಸ ಕಾರ್ಯಕ್ರಮ ಯಾವುದನ್ನೂ ಹಾಕಿಕೊಳ್ಳದೆ, ಮೊದಲ ಸೆಮಿಸ್ಟರಿನ ಹಾಜರಿ ಪುಸ್ತಕವನ್ನೂ ಎರಡನೆಯದರ ಶುಲ್ಕದ ಪಟ್ಟಿಯನ್ನೂ ಪಕ್ಕಪಕ್ಕಕ್ಕೆ ಇಟ್ಟುಕೊಂಡು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳನ್ನು ಬರೆದುಕೊಂಡೆ. ಒಂದೂವರೆ ಪುಟವಾಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಫೋನ್ ಹತ್ತದ ಕೆಲವರ ಮನೆಗೆ ಭಾನುವಾರಗಳಂದು ಹೋಗಿ ಬಂದೆ.

ಮುಂಡರಗಿ ಕಡೆಯ ಒಂದು ತಾಂಡಾದಲ್ಲಿ ತಾಯಿ ಹೇಳಿದ ಮಾತು ಈಗಲೂ ನೆನಪಿದೆ: “ಹುಡುಗ ಶಾಣ್ಯಾ ಇದ್ದಾನ್ರೀ ಅಕ್ಕಾರ. ಫೀ ಕಟ್ಟಿದ್ರಷ್ಟ ಪರೀಕ್ಷಾಕ್ಕ ಕುಂಡ್ರಸ್ತೇವಿ ಅಂದ್ರಂತ. ಅವಂಗ ನಾಚಿಕಿ ಆಗಿ ತಿರುಗಿ ಬಂದಾನ.” ಆ ಹುಡುಗನಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬರಬೇಕಾಗಿತ್ತು. ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿಯನ್ನೂ ಹಾಕಿದ್ದ. ಆದರೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇದ್ದ ಹೆಸರಿಗೂ ಆಧಾರಿನಲ್ಲಿದ್ದ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸವಿತ್ತು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ, ಮತ್ತು ಇದನ್ನು ಅವನಿಗೆ ತಿಳಿಸಿ ಹೇಳುವವರು ಯಾರೂ ಇರಲಿಲ್ಲ. ಅರ್ಜಿ ಅಲ್ಲಿಯೇ ನಿಂತಿತು, ಪರೀಕ್ಷೆಯ ದಿನ ಮಾತ್ರ ನಿಲ್ಲಲಿಲ್ಲ.

ಈ ಒಂದು ಭೇಟಿಯಿಂದ ಎರಡು ಕೆಲಸಗಳು ಹುಟ್ಟಿದವು. ಅರ್ಜಿ ಸಂಖ್ಯೆಯನ್ನು ತೋರಿಸಿದ ವಿದ್ಯಾರ್ಥಿಯ ಹಾಲ್ ಟಿಕೆಟನ್ನು ಶುಲ್ಕದ ಕಾರಣಕ್ಕೆ ತಡೆಹಿಡಿಯಬಾರದು ಎಂಬ ಸುತ್ತೋಲೆಯನ್ನು ಕುಲಸಚಿವರಿಂದ ಹೊರಡಿಸಲು ನನಗೆ ಮೂರು ತಿಂಗಳು ಹಿಡಿಯಿತು. ಪ್ರವೇಶದ ವಾರದಲ್ಲಿಯೇ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ಸಂಖ್ಯೆ, ಆಧಾರಿನ ಹೆಸರು, ಬ್ಯಾಂಕ್ ಜೋಡಣೆ ಇವನ್ನೆಲ್ಲ ಪರಿಶೀಲಿಸುವ ಮೇಜೊಂದನ್ನು ಕಚೇರಿಯಲ್ಲಿ ಹಾಕಿದ್ದು ಮಾತ್ರ ಒಂದೇ ದಿನದ ಕೆಲಸ. ಕಲಘಟಗಿ ಕಡೆಯ ಸಿದ್ದಿ ಸಮುದಾಯದ ಒಬ್ಬ ಹುಡುಗಿಯ ವರ್ಗವನ್ನು ಪ್ರವೇಶ ಪುಸ್ತಕದಲ್ಲಿ ತಪ್ಪಾಗಿ ಬರೆದದ್ದು ತಿಳಿದದ್ದು ಆ ಮೇಜಿನ ಮೇಲೆಯೇ. ಮೊದಲು ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾಗಿದ್ದ ಸಿದ್ದಿಯರ ಪರಿಶಿಷ್ಟ ಪಂಗಡದ ಮಾನ್ಯತೆಯು 2020ರ ತಿದ್ದುಪಡಿಯಿಂದ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳಿಗೂ ವಿಸ್ತರಿಸಿರುವ ಸಂಗತಿ ನಮ್ಮ ಕಚೇರಿಗೆ ಗೊತ್ತಿರಲಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನೂ ಹೇಳಬೇಕು. ವಿದ್ಯಾರ್ಥಿವೇತನದ ಕೊನೆಯ ದಿನಾಂಕ ಹತ್ತಿರ ಬಂದಾಗ ತರಗತಿಗೆ ಹೋಗಿ, “ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳು ಎದ್ದು ನಿಲ್ಲಿ” ಎಂದು ಹೇಳುವ ರೂಢಿ ನಮ್ಮಲ್ಲಿತ್ತು. ನಾನೂ ಹಾಗೆಯೇ ಹೇಳುತ್ತಿದ್ದೆ. ಪಟ್ಟಿಯಲ್ಲಿದ್ದ ಒಬ್ಬ ಹುಡುಗಿ, ಹಾಗೆ ಎದ್ದು ನಿಂತ ದಿನದಿಂದ ಹಾಸ್ಟೆಲಿನ ಕೋಣೆಯಲ್ಲಿ ತನ್ನೊಡನೆ ಮಾತು ಕಡಿಮೆಯಾಯಿತೆಂದೂ, ಊಟಕ್ಕೆ ಕರೆಯುವವರು ಕರೆಯುವುದನ್ನು ಬಿಟ್ಟರೆಂದೂ ಫೋನಿನಲ್ಲಿ ಹೇಳಿದಾಗ ನನಗೆ ಬಹಳ ಸಂಕಟವಾಯಿತು. ಅವಳು ಮರಳಿ ಬರಲಿಲ್ಲ. ಆ ದಿನದಿಂದ ಇಂಥ ಸೂಚನೆಗಳೆಲ್ಲ ಒಬ್ಬೊಬ್ಬರ ಮೊಬೈಲಿಗೆ ಬೇರೆಬೇರೆಯಾಗಿ ಹೋಗುತ್ತವೆ, ಸೂಚನಾ ಫಲಕದ ಮೇಲೆ ವರ್ಗವಾರು ಪಟ್ಟಿ ಅಂಟಿಸುವುದನ್ನು ನಿಲ್ಲಿಸಿದ್ದೇವೆ. ಹಾಸ್ಟೆಲಿನಲ್ಲಿ ಮೊದಲ ವರ್ಷದ ಕೋಣೆಗಳನ್ನು ಊರು, ಪರಿಚಯ ನೋಡದೆ ಚೀಟಿ ಎತ್ತಿ ಹಂಚುತ್ತೇವೆ. ಕೆಲವು ಪಾಲಕರು ಇದಕ್ಕೆ ತಕರಾರು ತೆಗೆದರು, ನಾವು ಬದಲಿಸಲಿಲ್ಲ.

ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಬಿಟ್ಟ ಕಾರಣ ಬೇರೆಯಾಗಿತ್ತು. “ಪಾಠ ತಿಳೀಲಿಲ್ಲ ಅಂತ ಅಲ್ರೀ ಮೇಡಂ, ತಿಳೀಲಿಲ್ಲ ಅಂತ ಇಂಗ್ಲಿಷಿನ್ಯಾಗ ಹೇಳಾಕ ಬರಲಿಲ್ರೀ” ಎಂದ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳಲ್ಲಿಯೂ ಸ್ಥಳೀಯ ಭಾಷೆಯಲ್ಲಿ ಪರೀಕ್ಷೆ ಬರೆಯಲು ಅವಕಾಶ ಕೊಡಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡಿತ್ತು. ಆ ಪತ್ರವನ್ನು ಮುಂದಿಟ್ಟು ವಿದ್ಯಾವಿಷಯಕ ಪರಿಷತ್ತಿನಲ್ಲಿ ಒಪ್ಪಿಗೆ ಪಡೆದೆವು. ಆದರೂ ಕನ್ನಡದಲ್ಲಿ ಬರೆದವರು ಬೆರಳೆಣಿಕೆಯಷ್ಟು ಮಂದಿ. ಪಠ್ಯಪುಸ್ತಕವೂ ಟಿಪ್ಪಣಿಯೂ ಇಂಗ್ಲಿಷಿನಲ್ಲಿ ಇರುವಾಗ ಉತ್ತರವನ್ನಷ್ಟೇ ಕನ್ನಡದಲ್ಲಿ ಬರೆಯುವುದು ಸುಲಭವಲ್ಲವೆಂಬುದನ್ನು ನಾವು ಮೊದಲೇ ಯೋಚಿಸಬೇಕಾಗಿತ್ತು. ಹೆಚ್ಚು ಉಪಯೋಗವಾದದ್ದು ಸಣ್ಣ ಬದಲಾವಣೆಗಳಿಂದ: ಮೊದಲ ಆರು ವಾರ ಪ್ರತಿದಿನ ಒಂದು ಗಂಟೆ ಪಾರಿಭಾಷಿಕ ಪದಗಳನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ತರಗತಿ, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸಬೇಕೆಂಬ ಅಧ್ಯಾಪಕರ ಒಪ್ಪಂದ, ಮೌಖಿಕ ಪರೀಕ್ಷೆಯಲ್ಲಿ ಭಾಷೆಯ ಆಯ್ಕೆ.

ನನಗೆ ಅತಿ ಹೆಚ್ಚು ಕಲಿಸಿದವನು ಕಣ್ಣು ಕಾಣದ ಒಬ್ಬ ವಿದ್ಯಾರ್ಥಿ. ಅವನ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿತ್ತು. ಪರದೆಯ ಮೇಲಿರುವ ಅಕ್ಷರಗಳನ್ನು, ಕನ್ನಡವನ್ನೂ, ಅದು ಓದಿ ಹೇಳುತ್ತದೆ. ನಾವು ಟಿಪ್ಪಣಿಗಳನ್ನೆಲ್ಲ ಪೆನ್ ಡ್ರೈವಿನಲ್ಲಿ ಹಾಕಿಕೊಟ್ಟು ಕೆಲಸ ಮುಗಿಯಿತು ಎಂದುಕೊಂಡೆವು. ಒಂದು ತಿಂಗಳ ನಂತರ ಅವನು ನನ್ನ ಎದುರಿಗೆ ಕಡತ ತೆರೆದು ಕೇಳಿಸಿದಾಗ ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನೂ ಚಿಹ್ನೆಗಳನ್ನೂ ಒದರುತ್ತಿತ್ತು. ನಮ್ಮ ಟಿಪ್ಪಣಿಗಳು ಯುನಿಕೋಡ್ (ಯಂತ್ರಗಳು ಕನ್ನಡವನ್ನು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತ) ಅಲ್ಲದ, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದವು. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡವಾಗಿ ಕಾಣುವುದು ಯಂತ್ರದ ಮಟ್ಟಿಗೆ ಬರೀ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಝೆರಾಕ್ಸ್ ಪ್ರತಿಯನ್ನು ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳು ಇನ್ನೂ ಕಷ್ಟದವು. ಅವು ಕೇವಲ ಚಿತ್ರಗಳಾದ್ದರಿಂದ ತಂತ್ರಾಂಶ ಮೌನವಾಗಿಬಿಡುತ್ತಿತ್ತು. ಹಳೆಯ ಕಡತಗಳನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತು ಕೆಟ್ಟಲ್ಲೆಲ್ಲ ಕೈಯಿಂದ ತಿದ್ದಿ ಕೊಟ್ಟವರು ಕನ್ನಡ ವಿಭಾಗದ ಎಂ.ಎ. ವಿದ್ಯಾರ್ಥಿಗಳು. ಹೊಸ ಟಿಪ್ಪಣಿಗಳು ಯುನಿಕೋಡಿನಲ್ಲೇ ಇರಬೇಕೆಂಬುದು ಈಗ ನಿಯಮ.

ಪರೀಕ್ಷೆಯಲ್ಲಿ ಅವನು ಹೇಳಿದ ಉತ್ತರವನ್ನು ಬರೆಯುವವರನ್ನು ಹುಡುಕುವುದನ್ನು ಮೊದಲ ಸಲ ಕೊನೆಯ ವಾರದವರೆಗೆ ಬಿಟ್ಟೆವು. ಬಂದವನಿಗೆ ವಿಷಯದ ಪದಗಳ ಕಾಗುಣಿತವೇ ಬರುತ್ತಿರಲಿಲ್ಲ. ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚುವರಿ ಸಮಯ ಸಿಗಬೇಕು. ಆ ಗಂಟೆಯೆಲ್ಲ ಅಕ್ಷರ ಬಿಡಿಸಿ ಹೇಳುವುದರಲ್ಲೇ ಕಳೆಯಿತು. ಈಗ ಸೆಮಿಸ್ಟರಿನ ಆರಂಭದಲ್ಲೇ ಬರೆಯುವವರನ್ನು ಗೊತ್ತುಮಾಡಿ, ಕಿರುಪರೀಕ್ಷೆಗಳಲ್ಲಿ ಇಬ್ಬರಿಗೂ ರೂಢಿ ಮಾಡಿಸುತ್ತೇವೆ.

ಇದರ ಖರ್ಚಿನ ಮಾತು ಬಂದಾಗ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಶೇ. 5 ಮೀಸಲಾತಿ ಸರ್ಕಾರಿ ಮತ್ತು ಅನುದಾನಿತ ಸಂಸ್ಥೆಗಳಿಗೆ ಮಾತ್ರ, ನಮಗಲ್ಲ, ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಅದು ನಿಜ. ಆದರೆ ಅದೇ ಕಾಯ್ದೆಯ 16ನೇ ಸೆಕ್ಷನ್ ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳನ್ನೂ ಸಮನ್ವಯ ಶಿಕ್ಷಣದ, ಅಂದರೆ ವಿಕಲಚೇತನರು ಉಳಿದವರ ಜೊತೆಯಲ್ಲೇ ಕಲಿಯುವ ವ್ಯವಸ್ಥೆಯ, ವ್ಯಾಪ್ತಿಗೆ ತರುತ್ತದೆ. ಅದನ್ನು ಓದಿ ಹೇಳಿದ ಮೇಲೆ ಚರ್ಚೆ ಖರ್ಚಿನ ಕಡೆಯಿಂದ, ಕಟ್ಟಡವನ್ನು ಇಂಥವರೂ ಬಳಸುವಂತೆ ಮಾಡುವ ಕಡೆಗೆ ತಿರುಗಿತು.

ಹಳ್ಳಿಗಳಿಂದ ಓಡಾಡುವ ಹುಡುಗಿಯರಿಗೆ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಬಸ್ಸಿನ ಖರ್ಚು ಉಳಿಯಿತು, ಆದರೆ ಊರಿನ ಕೊನೆಯ ಬಸ್ಸಿನ ವೇಳೆ ಬದಲಾಗಲಿಲ್ಲ. ಸಂಜೆಯ ಪ್ರಯೋಗಾಲಯದ ಅವಧಿಗಳನ್ನು ಬೆಳಿಗ್ಗೆಗೆ ತಂದೆವು, ಅಷ್ಟೇ. ಗುಳೆ ಹೋಗುವ ಕುಟುಂಬಗಳ ಮಕ್ಕಳ ಹಾಜರಾತಿಗೆ ಮಾತ್ರ ನನಗೆ ಇನ್ನೂ ದಾರಿ ಸಿಕ್ಕಿಲ್ಲ. ಸುಗ್ಗಿ ಮುಗಿದ ಮೇಲೆ ತಂದೆತಾಯಿ ಗೋವಾಕ್ಕೆ ಹೋದರೆ ತಮ್ಮ-ತಂಗಿಯರನ್ನೂ ದನಗಳನ್ನೂ ನೋಡಿಕೊಳ್ಳಲು ಈ ಹುಡುಗರೇ ಊರಿಗೆ ಮರಳುತ್ತಾರೆ. ಶೇ. 75ರ ಹಾಜರಾತಿ ನಿಯಮದಲ್ಲಿ ವೈದ್ಯಕೀಯ ಕಾರಣಕ್ಕೆ ರಿಯಾಯಿತಿ ಇದೆ, ಈ ಕಾರಣಕ್ಕೆ ಇಲ್ಲ. ಇದನ್ನೂ ಸೇರಿಸಬೇಕೆಂಬ ನನ್ನ ಟಿಪ್ಪಣಿ ಮುಂದಿನ ಪರಿಷತ್ ಸಭೆಯ ವಿಷಯಪಟ್ಟಿಯಲ್ಲಿದೆ.

ಮುಂಡರಗಿಯ ಆ ಹುಡುಗ ಒಂದು ವರ್ಷ ಕಳೆದು ಮತ್ತೆ ಪ್ರವೇಶ ಪಡೆದ. ಪ್ರವೇಶದ ವಾರದಲ್ಲಿ ಕಚೇರಿಯ ಆ ಮೇಜಿನ ಹಿಂದೆ ಕುಳಿತು, ಹೊಸಬರ ಆಧಾರ್ ಮತ್ತು ಅಂಕಪಟ್ಟಿಯ ಹೆಸರುಗಳನ್ನು ಅಕ್ಷರ ಅಕ್ಷರ ಹೋಲಿಸಿ ನೋಡುವವನು ಈಗ ಅವನೇ.